ಬಾಯಿ ಬಿಟ್ಟರೆ ಹೊರಗಿನವಳು

ಸಾಗರ

ಪ್ರೀತಿಯ ಕೂಸೇ,

ಮೈಸೂರಿನಿಂದ ನೀನು ಬರೆದ ಪತ್ರ ಬಂದು ಎಂಟು ದಿನವಾಯಿತು. ಹಾಸ್ಟೆಲಿನ ಊಟ, ಮಾನಸಗಂಗೋತ್ರಿ ಕ್ಯಾಂಪಸ್ಸಿನ ಮರಗಳು, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದು, ಎಲ್ಲ ಓದಿ ಖುಷಿಯಾಯಿತು. ಆದರೆ ಮೂರನೇ ಪುಟದ ಕೊನೆಗೆ ಬಂದು ನಿಂತುಬಿಟ್ಟೆ. "ಬಾಯಿ ಮುಚ್ಚಿಕೊಂಡಿದ್ದರೆ ನಾನು ಇಲ್ಲಿಯವಳು, ಬಾಯಿ ಬಿಟ್ಟರೆ ಹೊರಗಿನವಳು. ಅದಕ್ಕೇ ಈಗೀಗ ಮಾತು ಕಡಿಮೆ ಮಾಡಿದ್ದೇನೆ" ಅಂತ ಬರೆದಿದ್ದೀಯ. ಅದಾದ ಮೇಲೆ ಮತ್ತೆ ಮಳೆಯ ವಿಷಯಕ್ಕೆ ಹೋಗಿದ್ದೀಯ. ನನಗೆ ಮಾತ್ರ ಅದನ್ನು ದಾಟಿ ಹೋಗಲು ಆಗಲಿಲ್ಲ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಓದಿದೆ.

ಸೋಮನಾಥಪುರದಲ್ಲಿ ಆದದ್ದನ್ನೂ ಓದಿದೆ. ಬೋರ್ಡಿನಲ್ಲಿ ಭಾರತೀಯರಿಗೆ ಒಂದು ದರ, ವಿದೇಶಿಯರಿಗೆ ಒಂದು ದರ. ನೀನು ಮಾತಾಡದೆ ಎರಡು ಬೆರಳು ತೋರಿಸಿ ಎರಡು ಟಿಕೆಟ್ ತಗೊಂಡೆಯಂತೆ. ಒಳಗೆ ಹೋದ ಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು, ಕದ್ದ ಹಾಗೆ ಅನ್ನಿಸಿತು ಅಂತ ಬರೆದಿದ್ದೀಯ. ಕೂಸೇ, ನಿನ್ನ ಹತ್ತಿರ ಓಸಿಐ ಕಾರ್ಡ್, ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಇಲ್ಲಿಯ ಸರ್ಕಾರ ಕೊಡುವುದು, ಇದೆಯಲ್ಲ? ಅದು ಇದ್ದವರಿಗೆ ಇಂಥ ಜಾಗಗಳಲ್ಲಿ ಭಾರತೀಯರ ದರವೇ. ನೀನು ಯಾರದ್ದನ್ನೂ ಕದ್ದಿಲ್ಲ. 1258ರ ದೇವಸ್ಥಾನ ಅದು. ಅಷ್ಟು ಚೆಂದದ ಜಾಗದಲ್ಲಿ ನಿಂತು, ಕಲ್ಲು ನೋಡುವುದು ಬಿಟ್ಟು, ಯಾರಾದರೂ ಮಾತಾಡಿಸಿದರೆ ಏನು ಮಾಡಲಿ ಅಂತ ನೀನು ಹೆದರಿದ್ದೆಯಲ್ಲ, ನನಗೆ ಅದೇ ಸಂಕಟ.

ಮೆಸ್ಸಿನಲ್ಲಿ "ನಮ್ಮ ಅಮ್ಮನ ಹಲ್ಲಿ ಸಾಗರದ ಹತ್ತಿರ" ಅಂದಾಗ ಎಲ್ಲರೂ ನಕ್ಕರು ಅಂತಲೂ ಬರೆದಿದ್ದೀಯ. ಳಕಾರ ನಾಲಿಗೆಗೆ ಬರಲಿಲ್ಲ, ಅಷ್ಟೇ ತಾನೆ? ಮಂಡ್ಯ ಕಡೆಯವರು ಎಷ್ಟೋ ಜನ "ಅಳ್ಳಿ" ಅಂತಾರೆ. ಅವರಿಗೆ ಹಕಾರ ಬೇಡ, ನಿನಗೆ ಳಕಾರ ಬರಲ್ಲ. ಅವರನ್ನು ಯಾರೂ ಹೊರಗಿನವರು ಅನ್ನುವುದಿಲ್ಲ ಅಂತ ನೀನು ಕೇಳಬಹುದು. ಹೌದು, ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ಮೈಸೂರಿನಲ್ಲೇ ಅದನ್ನು ಅನುಭವಿಸಿದವಳು.

1974ರ ಜೂನ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡದವರೆಲ್ಲ ಒಂದೇ ಅಂತ ಎಲ್ಲ ಕಡೆ ಭಾಷಣ. ನಾನು ಒಂದು ಟ್ರಂಕು, ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿದು ಮೈಸೂರಿಗೆ ಬಂದು ಇಳಿದೆ. ಕಾಲೇಜಿನ ಮೊದಲ ವಾರ, ಇದನ್ನು ಯಾರು ಓದುತ್ತೀರಿ ಅಂತ ಮೇಷ್ಟರು ಕೇಳಿದರು. ಎದ್ದು ನಿಂತು "ಆನು" ಅಂದೆ. ನಮ್ಮ ಮನೆ ಮಾತಿನಲ್ಲಿ "ನಾನು" ಅನ್ನುವುದಕ್ಕೆ ಹಾಗೇ ತಾನೆ ಅನ್ನುವುದು? ಇಡೀ ಕ್ಲಾಸು ನಕ್ಕಿತು. ಮೇಷ್ಟರೂ ನಕ್ಕರು. ಆಮೇಲೆ ಒಂದು ವರ್ಷ ನನ್ನ ಹೆಸರೇ "ಆನು" ಆಯಿತು.

ನಾನು ಏನು ಮಾಡಿದೆ ಗೊತ್ತಾ? ನೀನು ಈಗ ಮಾಡುತ್ತಿರುವುದನ್ನೇ. ಸುಮ್ಮನಾದೆ. ಸಂಜೆ ಅದೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬಳೇ ನಡೆಯುತ್ತಾ "ನಾನು, ನಾನು" ಅಂತ ಬಾಯಿಪಾಠ ಮಾಡಿದೆ. ಎಂತ ಅನ್ನಬಾರದು, ಏನು ಅನ್ನಬೇಕು. ಮಾಣಿ ಅನ್ನಬಾರದು, ಹುಡುಗ ಅನ್ನಬೇಕು. ಪೂರ್ತಿ ಬರುವವರೆಗೆ ಬಾಯಿ ಬಿಡಲಿಲ್ಲ. ಬಂದ ಮೇಲೆ ಯಾರೂ ನಗಲಿಲ್ಲ. ಗೆದ್ದೆ ಅಂದುಕೊಂಡೆ.

ಹಳಗನ್ನಡದ ಪಾಠ ಶುರುವಾದಾಗ ಗೊತ್ತಾಯಿತು, ಸಾವಿರ ವರ್ಷದ ಹಿಂದಿನ ಪಂಪನ ಕನ್ನಡದಲ್ಲಿ "ನಾನು" ಅನ್ನುವುದಕ್ಕೆ "ಆನ್" ಅಂತಾರೆ. ನಮ್ಮ ಅಡುಗೆಮನೆಯ ಮಾತು ಅಲ್ಲಿ ಪುಸ್ತಕದಲ್ಲಿ ಕೂತಿತ್ತು. ಅವತ್ತು ಎದ್ದು ನಿಂತು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಸುಮ್ಮನಿರುವುದು ಅಭ್ಯಾಸವಾಗಿಹೋಗಿತ್ತು.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ರಜೆಗೆ ಊರಿಗೆ ಬಂದಾಗ ಅಮ್ಮನ ಹತ್ತಿರವೂ ಮೈಸೂರು ಕನ್ನಡವೇ ಬಾಯಿಗೆ ಬರುತ್ತಿತ್ತು. ಬಿಡಿಸಿಕೊಳ್ಳಲು ಪ್ರಯತ್ನ ಮಾಡಲಿಲ್ಲ, ಒಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮೊದಲೆಲ್ಲ ಬಾಗಿಲಲ್ಲೇ "ಆಸ್ರಿಗೆ ಬೇಕಾ ಕೂಸೇ" ಅನ್ನುತ್ತಿದ್ದಳು. ಒಂದು ಸಲ ಬಂದಾಗ ಅಮ್ಮ ಸೆರಗು ಸರಿ ಮಾಡಿಕೊಂಡು, ಶಾಲೆ ಪುಸ್ತಕ ಓದುವ ಹಾಗೆ ನಿಧಾನವಾಗಿ, "ಕುಡಿಯಲು ನೀರು ಬೇಕೇನಮ್ಮಾ?" ಅಂದಳು. ನೆಂಟರಿಗೆ ಕೇಳುವ ಹಾಗೆ. ನನಗೆ ಕಷ್ಟವಾಗಬಾರದು ಅಂತ ಅವಳು ನನ್ನ ಕಡೆಗೆ ಬಂದಿದ್ದಳು. ಆಮೇಲೆ ಸಾಯುವವರೆಗೂ ನನ್ನ ಹತ್ತಿರ ಅವಳು ಹಾಗೇ ಮಾತಾಡಿದಳು. ನಿನ್ನ ಅಮ್ಮನ ಹತ್ತಿರ ಮಾತ್ರ ಮನೆ ಮಾತು. ಅಮೆರಿಕಕ್ಕೆ ಹೋದವಳು ಅದನ್ನು ಉಳಿಸಿಕೊಂಡಳು, ನಾನು ಮೈಸೂರಿಗೆ ಹೋಗಿ ಕಳೆದುಕೊಂಡೆ. ಇದನ್ನು ನಿನ್ನ ಅಮ್ಮನಿಗೆ ನಾನು ಯಾವತ್ತೂ ಹೇಳಿಲ್ಲ.

ಅದಕ್ಕೇ ನಿನ್ನ ಆ ಮಾತು ನನ್ನನ್ನು ಹೆದರಿಸಿತು. ಜನ ನಕ್ಕದ್ದಕ್ಕೆ ಅಲ್ಲ. ನೀನು ಮಾತು ಕಡಿಮೆ ಮಾಡಿದ್ದಕ್ಕೆ.

ಅಂಗಡಿಯವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ನೀನು ಹಣ್ಣು ತರುವ ಗೋಕುಲಂ ಕಡೆ ಯೋಗ ಕಲಿಯಲು ಹೊರದೇಶದವರು ಬರುತ್ತಲೇ ಇರುತ್ತಾರೆ. ಅಲ್ಲಿಯ ಅಂಗಡಿಯವರಿಗೆ ನಾಲಿಗೆ ಸ್ವಲ್ಪ ತೊಡರಿದ ಹಾಗೆ ಕೇಳಿದರೆ ತಾನಾಗಿ ಇಂಗ್ಲಿಷ್ ಬರುತ್ತದೆ. ನನ್ನ ಅಮ್ಮ ಮಾಡಿದ ಹಾಗೇ ಅವರೂ ಮಾಡುವುದು, ನಿನಗೆ ಸುಲಭವಾಗಲಿ ಅಂತ. ಎಲ್ಲರೂ ಹಾಗೆ ಅಂತ ಹೇಳಲ್ಲ. ಕೆಲವರು ದೂರ ಇಡಲಿಕ್ಕೇ ಮಾಡುತ್ತಾರೆ, ಅದು ನಿನಗೇ ಗೊತ್ತಾಗುತ್ತದೆ. ಆದರೆ "ಕನ್ನಡದಲ್ಲೇ ಹೇಳಿ, ಕಲಿತಾ ಇದ್ದೀನಿ" ಅಂತ ಒಂದು ಸಲ ಹೇಳಿ ನೋಡಬಹುದಲ್ವಾ? ದೇವರಾಜ ಮಾರ್ಕೆಟ್ಟಿಗೆ ಸಂಜೆ ಹೋಗು. ಹೂವಿನವರ ಹತ್ತಿರ ಮೊಳ ಎಷ್ಟು ಅಂತ ಕೇಳು. ಮೊಳದಲ್ಲೂ ಳಕಾರ ಇದೆ, ಇರಲಿ. ವಯಸ್ಸಾದವರ ಹತ್ತಿರ ಜಾಸ್ತಿ ಮಾತಾಡು, ಅವರಿಗೆ ಅವಸರ ಇರುವುದಿಲ್ಲ. ಕ್ಲಾಸಿನ ಹುಡುಗಿಯರಲ್ಲಿ ನಕ್ಕವರು ಯಾರು, ನಕ್ಕು ಆಮೇಲೆ ತಿದ್ದಿದವರು ಯಾರು, ಅದನ್ನು ಗಮನಿಸು. ನನಗೆ ತಿದ್ದಿದ ಹುಡುಗಿ ಒಬ್ಬಳಿದ್ದಳು, ಚಾಮರಾಜನಗರದವಳು. ನಾನು ಅವಳ ಹತ್ತಿರವೂ ಮಾತು ಬಿಟ್ಟೆ.

ಇದೆಲ್ಲ ಹೇಳುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ನೀನು ಇರುವುದು ಐದು ತಿಂಗಳು. ಬಾಯಿ ಮುಚ್ಚಿಕೊಂಡು ಕಳೆದರೆ ಹೇಗೋ ಕಳೆದುಹೋಗುತ್ತದೆ. ನನಗೂ ಹಾಗೇ ಕಳೆಯಿತು, ಅದೇ ನನ್ನ ಭಯ.

ದೀಪಾವಳಿಗೆ ಬಾ. ಮೈಸೂರಿನಿಂದ ತಾಳಗುಪ್ಪದ ರೈಲಿದೆ, ಸಾಗರದಲ್ಲಿ ಇಳಿಯಬೇಕು. ಬೋರ್ಡಿನಲ್ಲಿ ಸಾಗರ ಜಂಬಗಾರು ಅಂತ ಇರುತ್ತದೆ. ಹಬ್ಬದ ಹೊತ್ತಿಗೆ ಸೀಟು ಸಿಗುವುದು ಕಷ್ಟ, ಬೇಗ ಮಾಡಿಸು. ಒಂದು ಕೋರಿಕೆ, ಅತಿಯಾಯಿತು ಅನ್ನಿಸಿದರೆ ಬಿಡು. ಟಿಕೆಟನ್ನು ಫೋನಿನಲ್ಲಿ ಮಾಡಬೇಡ. ಸ್ಟೇಷನ್ನಿಗೆ ಹೋಗಿ, ಕಿಟಕಿಯ ಹತ್ತಿರ ನಿಂತು, ಬಾಯಿಬಿಟ್ಟು ಕೇಳು. ತಾಲಗುಪ್ಪ ಅಂದರೂ ಟಿಕೆಟ್ ಕೊಡುತ್ತಾರೆ.

ನಿನ್ನ,
ದೊಡ್ಡಮ್ಮ