ಆರುನೂರ ಹದಿನಾರು ಆಟಗಳ ಋಣ

ಕಳೆದ ಭಾನುವಾರ ರಾತ್ರಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ 1938ರ ನ್ಯಾಷನಲ್ ಲೀಗ್ ಬೇಸ್‌ಬಾಲ್ ಋತುವಿನ ಕೊನೆಯ ಆಟದ ಲೆಕ್ಕವನ್ನು ಬರೆದು ಮುಗಿಸಿದೆ. ಎಂಟು ತಂಡಗಳು, ತಂಡಕ್ಕೆ 154 ಆಟಗಳು, ಒಟ್ಟು 616. ಮೂರು ದಾಳಗಳು, ಆಟಗಾರರ ಅಂಕಿಗಳನ್ನು ಇಳಿಸಿದ ಇನ್ನೂರಕ್ಕೂ ಹೆಚ್ಚು ಕಾರ್ಡುಗಳು ಮತ್ತು ಎಂಟು ಜನರ ತಾಳ್ಮೆಯಿಂದ ಇಪ್ಪತ್ತಾರು ತಿಂಗಳು ನಡೆದ ಈ ಆಟಕ್ಕೆ ಸಾರ್ವಜನಿಕವಾಗಿ ಕೃತಜ್ಞತೆ ಹೇಳುವ ಅಗತ್ಯವಿದೆಯೇ ಎಂದು ನನ್ನ ಹೆಂಡತಿ ಕೇಳಿದಳು. ಇದೆ ಎಂದು ನನಗೆ ಅನ್ನಿಸಿದೆ. ಏಕೆಂದರೆ ನಡುವಿನ ಕೆಲವು ವಾರಗಳಲ್ಲಿ ಈ ಲೀಗನ್ನು ನಡೆಸಿದವನು ನಾನಲ್ಲ.

ನಾವು ಆಡಿದ್ದು ನಿಜವಾಗಿ ನಡೆದ 1938 ಅಲ್ಲ, ನಡೆಯದೇ ಹೋದ 1938. 1930ರ ದಶಕದ ಕೊನೆಯ ಭಾಗದಲ್ಲಿ, ನಾನು ಈಗ ವಾಸಿಸುವ ಇದೇ ಪಿಟ್ಸ್‌ಬರ್ಗ್ ನಗರದಿಂದ ಪ್ರಕಟವಾಗುತ್ತಿದ್ದ ಕಪ್ಪು ಜನರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ನ ಕ್ರೀಡಾ ಬರಹಗಾರ ಚೆಸ್ಟರ್ ವಾಷಿಂಗ್ಟನ್ ಅವರು ಪೈರೇಟ್ಸ್ ತಂಡದ ವ್ಯವಸ್ಥಾಪಕ ಪೈ ಟ್ರೇನರ್ ಅವರಿಗೆ ಒಂದು ತಂತಿ ಕಳುಹಿಸಿದರು. ನಿಮಗೆ ಬೇಕಾದ ಆಟಗಾರರು ನಿಮ್ಮ ಊರಿನಲ್ಲೇ ಇದ್ದಾರೆ ಎಂಬುದು ಅದರ ಸಾರ. ವಿಕೆಟ್ ಕೀಪರ್‌ನಂತೆ ಬ್ಯಾಟರ್‌ನ ಹಿಂದೆ ನಿಲ್ಲುವ ಕ್ಯಾಚರ್ ಜಾಶ್ ಗಿಬ್ಸನ್, ಮೊದಲ ಬೇಸ್ ಕಾಯುವ ಬಕ್ ಲೆನರ್ಡ್, ಚೆಂಡೆಸೆಯುವ ಪಿಚರ್ ಸ್ಯಾಚೆಲ್ ಪೇಜ್, ಹೊರಮೈದಾನದ ಕೂಲ್ ಪಾಪಾ ಬೆಲ್ ಎಂದು ಹೆಸರುಗಳನ್ನೂ ಕೊಟ್ಟಿದ್ದರು. ನಾಲ್ವರೂ ಕಪ್ಪು ಜನರು; ಪ್ರಧಾನ ಲೀಗ್‌ಗಳಲ್ಲಿ ಆಗ ಅವರಿಗೆ ಪ್ರವೇಶವಿರಲಿಲ್ಲ. ನಾಲ್ವರೂ ಮುಂದೆ ಬೇಸ್‌ಬಾಲಿನ ಗೌರವ ಮಂದಿರವಾದ ಹಾಲ್ ಆಫ್ ಫೇಮ್ ಸೇರಿದವರು. ಉತ್ತರ ಬರಲಿಲ್ಲ. 1938ರಲ್ಲಿ ಪೈರೇಟ್ಸ್ ತಂಡವು ಬೇಸಿಗೆಯ ಬಹುಭಾಗ ಅಗ್ರಸ್ಥಾನದಲ್ಲಿದ್ದು, ಎರಡು ಪ್ರಧಾನ ಲೀಗ್‌ಗಳ ವಿಜೇತರ ನಡುವಿನ ವಿಶ್ವ ಸರಣಿ ಬಂದೇ ಬರುತ್ತದೆಂದು ಫೋರ್ಬ್ಸ್ ಫೀಲ್ಡಿನ ಚಾವಣಿಯ ಮೇಲೆ ಪತ್ರಕರ್ತರಿಗಾಗಿ ಹೊಸ ಅಟ್ಟವನ್ನೂ ಕಟ್ಟಿಸಿಕೊಂಡು, ಕೊನೆಗೆ ಶಿಕಾಗೊ ಕಬ್ಸ್ ತಂಡದ ಎದುರು ಕೇವಲ ಎರಡು ಆಟಗಳ ಅಂತರದಲ್ಲಿ ಸೋತಿತು. ಆ ತಂತಿಗೆ ‘ಕಳುಹಿಸಿ’ ಎಂಬ ಒಂದೇ ಪದದ ಉತ್ತರ ಬಂದಿದ್ದರೆ ಏನಾಗುತ್ತಿತ್ತು ಎಂಬುದೇ ನಮ್ಮ ಲೀಗಿನ ಬುನಾದಿ.

ಮೊದಲ ಕೃತಜ್ಞತೆ ನಾನು ಎಂದೂ ಕಾಣದ ಜನರಿಗೆ ಸಲ್ಲಬೇಕು. ನೀಗ್ರೊ ಲೀಗ್‌ಗಳೆಂದು ಕರೆಯಲಾಗುತ್ತಿದ್ದ, ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ಗಳ ದಾಖಲೆಗಳು ಒಂದೆಡೆ ಅಚ್ಚುಕಟ್ಟಾಗಿ ಇರಲಿಲ್ಲ. ಹಳೆಯ ಪತ್ರಿಕೆಗಳ ಮಾಸಿದ ಪುಟಗಳಿಂದ ಒಂದೊಂದೇ ಆಟದ ಅಂಕಪಟ್ಟಿಯನ್ನು ಹುಡುಕಿ, ಹೋಲಿಸಿ, ಕೂಡಿಸಿ ಇಟ್ಟವರು ಬಹುಪಾಲು ಸ್ವಂತ ಆಸಕ್ತಿಯಿಂದ ದುಡಿದ ಸಂಶೋಧಕರು. ಅವರ ದುಡಿಮೆಯ ಬಲದಿಂದಲೇ 1920ರಿಂದ 1948ರವರೆಗಿನ ಆ ಲೀಗ್‌ಗಳನ್ನು ಪ್ರಧಾನ ಲೀಗ್‌ಗಳೆಂದು 2020ರ ಡಿಸೆಂಬರಿನಲ್ಲಿ ಒಪ್ಪಿಕೊಳ್ಳಲಾಯಿತು. 2024ರ ಮೇ ತಿಂಗಳಲ್ಲಿ ಅಂಕಿ ಅಂಶಗಳು ಅಧಿಕೃತ ದಾಖಲೆಗೆ ಸೇರಿದಾಗ, ಗಿಬ್ಸನ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದ ಸಲಗಳಲ್ಲಿ, ಚೆಂಡು ಹೊಡೆದು ಬೇಸ್ ತಲುಪಿದ ‘ಹಿಟ್’ಗಳ ಪಾಲು) .372 ಎಂದಾಗಿ, ಟೈ ಕಾಬ್ ಅವರ .367 ಎರಡನೆಯ ಸ್ಥಾನಕ್ಕೆ ಇಳಿಯಿತು. ಗಿಬ್ಸನ್ ಇದನ್ನು ನೋಡಲಿಲ್ಲ. ಅವರು 1947ರ ಜನವರಿ 20ರಂದು, ಪ್ರಧಾನ ಲೀಗಿನ ಆ ಬಣ್ಣದ ತಡೆಯನ್ನು ಮುರಿದ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿಯಲು ಮೂರು ತಿಂಗಳೂ ಉಳಿದಿರದಿದ್ದಾಗ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷದ ದೂರದಲ್ಲಿದೆ. 1975ರವರೆಗೆ ಅದರ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ.

ಆ ಅಂಕಿಗಳನ್ನು ಕಾರ್ಡಿಗೆ ಇಳಿಸುವುದು ನಾನು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಹಾಲ್ ರಿಚ್‌ಮನ್ ಅವರು 1961ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಆಟದ ಪದ್ಧತಿಯನ್ನೇ ನಾವು ಅನುಸರಿಸಿದೆವು. ಬಿಳಿಯ ದಾಳದಲ್ಲಿ ಒಂದರಿಂದ ಮೂರರವರೆಗೆ ಬಿದ್ದರೆ ಬ್ಯಾಟರ್‌ನ ಕಾರ್ಡನ್ನು, ನಾಲ್ಕರಿಂದ ಆರರವರೆಗೆ ಬಿದ್ದರೆ ಪಿಚರ್‌ನ ಕಾರ್ಡನ್ನು ನೋಡಬೇಕು. ಉಳಿದೆರಡು ದಾಳಗಳ ಮೊತ್ತವು ಆ ಕಾರ್ಡಿನ ಯಾವ ಸಾಲು ಎಂಬುದನ್ನು ಹೇಳುತ್ತದೆ. ಆದರೆ ಗಿಬ್ಸನ್ ಅವರ ತಂಡ ಹೋಮ್‌ಸ್ಟೆಡ್ ಗ್ರೇಸ್, ವರ್ಷವಿಡೀ ಊರೂರು ತಿರುಗಿ ಪ್ರದರ್ಶನದ ಆಟಗಳನ್ನು ಆಡುತ್ತಿತ್ತೇ ಹೊರತು ಲೀಗಿನ ಲೆಕ್ಕಕ್ಕೆ ಬರುವ ಆಟಗಳು ಬಹಳ ಕಡಿಮೆ. ಆಟ ಕಡಿಮೆಯಾದಷ್ಟೂ ಅಂಕಿಯಲ್ಲಿ ಅದೃಷ್ಟದ ಪಾಲು ಹೆಚ್ಚು. ನಾನು ಅಭಿಮಾನದಿಂದ ಬರೆದ ಮೊದಲ ಕಾರ್ಡಿನಲ್ಲಿ ಗಿಬ್ಸನ್ ಮೂರು ಸಲ ಬ್ಯಾಟ್ ಹಿಡಿದರೆ ಎರಡು ಸಲ ಬೇಸ್ ತಲುಪುತ್ತಿದ್ದರು. ಸಿನ್ಸಿನಾಟಿ ತಂಡವನ್ನು ನಡೆಸಿದ ಗೆಳೆಯರು, ವೃತ್ತಿಯಿಂದ ವಿಮಾ ಗಣಿತಜ್ಞರು, ಅದನ್ನು ನೋಡಿ ನಕ್ಕು, ಹಲವು ವರ್ಷಗಳ ಅಂಕಿಗಳನ್ನು ಕೂಡಿಸಿ ಅವನ್ನು ಲೀಗಿನ ಸರಾಸರಿಯ ಕಡೆಗೆ ಎಷ್ಟು ಎಳೆಯಬೇಕೆಂಬುದನ್ನು ನನಗೆ ಎರಡು ಶನಿವಾರ ಕೂತು ಕಲಿಸಿದರು. ಅವರು ಇಲ್ಲದಿದ್ದರೆ ಈ ಋತುವು ನನ್ನ ಪಕ್ಷಪಾತದ ಪ್ರದರ್ಶನವಾಗುತ್ತಿತ್ತು. (ಅವರ ಪಿಚರ್ ಜಾನಿ ವ್ಯಾಂಡರ್ ಮೀರ್ 1938ರಲ್ಲಿ ನಿಜವಾಗಿಯೂ ಎಸೆದ, ಸತತ ಎರಡು ಆಟಗಳಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದ ಆ ಸಾಹಸವು ನಮ್ಮ ದಾಳಗಳಲ್ಲಿ ಮರುಕಳಿಸಲಿಲ್ಲ. ಅದಕ್ಕೆ ನಾನು ಹೊಣೆಯಲ್ಲ.)

ಬ್ರೂಕ್ಲಿನ್ ತಂಡವನ್ನು ನಡೆಸಿದ ಲೆಕ್ಕಪರಿಶೋಧಕಿಗೆ ನಾನು ಕೃತಜ್ಞತೆಯ ಜೊತೆಗೆ ಕ್ಷಮೆಯನ್ನೂ ಕೇಳಬೇಕಾಗಿದೆ. ಮೊದಲ ಸಭೆಯಲ್ಲೇ ಅವರು, ಪೈರೇಟ್ಸ್ ನಾಲ್ವರನ್ನು ಕರೆದುಕೊಂಡರೆ ಹೋಮ್‌ಸ್ಟೆಡ್ ಗ್ರೇಸ್ ತಂಡದ ಮಾಲೀಕ ಕಮ್ ಪೋಸಿ ಅವರಿಗೆ ಸಿಗುವುದೇನು ಎಂದು ಕೇಳಿದರು. ಇದು ಆಟ, ವ್ಯವಹಾರವಲ್ಲ ಎಂದು ನಾನು ಆ ಮಾತನ್ನು ಅಲ್ಲಿಗೇ ಕಡಿದೆ. ಅವರು ಬಿಡಲಿಲ್ಲ. ನಿಜವಾದ ಇತಿಹಾಸದಲ್ಲಿ ಬ್ರೂಕ್ಲಿನ್ ತಂಡದ ಮುಖ್ಯಸ್ಥ ಬ್ರ್ಯಾಂಚ್ ರಿಕಿ ಅವರು ರಾಬಿನ್ಸನ್‌ರನ್ನು ಕರೆದುಕೊಂಡಾಗ, ಅವರು ಆಡುತ್ತಿದ್ದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಒಂದು ಡಾಲರನ್ನೂ ಕೊಡಲಿಲ್ಲ. ನ್ಯೂವರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಅವರು ಗಟ್ಟಿಯಾಗಿ ಪಟ್ಟು ಹಿಡಿದ ಕಾರಣ, 1947ರಲ್ಲಿ ಅವರ ಆಟಗಾರ ಲ್ಯಾರಿ ಡೋಬಿ ಅವರಿಗಾಗಿ ಕ್ಲೀವ್‌ಲ್ಯಾಂಡ್ ತಂಡ 15,000 ಡಾಲರ್ ಕೊಟ್ಟಿತು. ಆಟಗಾರರು ಹೋದಂತೆ ಪ್ರೇಕ್ಷಕರೂ ಹೋಗಿ, ಕಪ್ಪು ಜನರೇ ಕಟ್ಟಿ ಬೆಳೆಸಿದ ಆ ಲೀಗ್‌ಗಳು ಬರಿದಾದವು. ಇದೆಲ್ಲವನ್ನೂ ಅವರು ಎರಡು ಪುಟಗಳಲ್ಲಿ ಬರೆದು ಕಳುಹಿಸಿದ ಮೇಲೆ ನಮ್ಮ ನಿಯಮ ಬದಲಾಯಿತು. ಪೈರೇಟ್ಸ್ ತಂಡವು ತನ್ನ ನಾಲ್ಕು ಬಿಳಿಯ ಆಟಗಾರರನ್ನು ಬಿಟ್ಟುಕೊಟ್ಟು ಬೆಲೆ ತೆರಬೇಕಾಯಿತು, ಜೂನ್ ತಿಂಗಳಿಂದ ಉಳಿದ ತಂಡಗಳಿಗೂ ಅದೇ ಷರತ್ತಿನ ಮೇಲೆ ಬಾಗಿಲು ತೆರೆಯಿತು, ಮತ್ತು ಅವರೇ ಮೊದಲಿಗರಾಗಿ ನ್ಯೂವರ್ಕಿನಿಂದ ಶಾರ್ಟ್‌ಸ್ಟಾಪ್ ವಿಲ್ಲಿ ವೆಲ್ಸ್‌ರನ್ನು ಬ್ರೂಕ್ಲಿನ್‌ಗೆ ತಂದರು.

ಪೈರೇಟ್ಸ್ ತಂಡವನ್ನು ನಡೆಸಿದವನು ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ. ನಮ್ಮ ರಾತ್ರಿ ಒಂಬತ್ತು ಎಂದರೆ ಅವನಿಗೆ ಬೇಸಿಗೆಯಲ್ಲಿ ಬೆಳಗಿನ ಆರೂವರೆ. ಶಾಲೆಯ ದಿನಗಳಲ್ಲಿ ಪಠ್ಯಪುಸ್ತಕದ ಪುಟ ತೆರೆದು ಬುಕ್ ಕ್ರಿಕೆಟ್ ಆಡಿ ಬೈಸಿಕೊಂಡ ಅನುಭವವೊಂದನ್ನು ಬಿಟ್ಟರೆ ಈ ಕೆಲಸಕ್ಕೆ ಅವನಲ್ಲಿ ಬೇರೆ ಅರ್ಹತೆ ಇರಲಿಲ್ಲ. “ಮಾಮ, ವಿಕೆಟ್ ಕೀಪರ್ ಐದು ದಿನ ನಿಲ್ಲುತ್ತಾನೆ, ಗಿಬ್ಸನ್‌ಗೆ ಮಾತ್ರ ಯಾಕೆ ರಜೆ?” ಎಂದು ಕೇಳಿ, ನನ್ನ ಮಾತು ಮೀರಿ, ಮೇ ತಿಂಗಳಲ್ಲಿ ಗಿಬ್ಸನ್‌ರನ್ನು ಒಂದೇ ದಿನದ ಎರಡೆರಡು ಆಟಗಳಲ್ಲೂ ಕ್ಯಾಚರ್ ಆಗಿ ನಿಲ್ಲಿಸಿ, ದಣಿವಿನ ನಿಯಮದ ಪ್ರಕಾರ ಹನ್ನೊಂದು ಆಟಗಳಿಗೆ ಅವರನ್ನು ಕಳೆದುಕೊಂಡ. ಆಮೇಲೆ ಪಳಗಿದ. ಚಹಾ ಸಹ ಕುಡಿಯದೆ ಬೆಳಗಾಗೆದ್ದು ಕೂತ ಅವನಿಗೆ, ಅವನನ್ನು ಬೈಯದೆ ಬಿಟ್ಟ ಅಕ್ಕನಿಗೆ ನನ್ನ ನಮಸ್ಕಾರ.

ಇನ್ನು ಆ ಕೆಲವು ವಾರಗಳ ಮಾತು. ಎರಡನೆಯ ವರ್ಷದ ಆಗಸ್ಟಿನಲ್ಲಿ ನನ್ನ ಬಲಗಣ್ಣಿನ ಅಕ್ಷಿಪಟಲ ಕಳಚಿಕೊಂಡಿತು. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನೊಳಗೆ ತುಂಬಿದ ಅನಿಲದ ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಲೆಂದು ಹತ್ತು ದಿನ ಬೋರಲು ಮಲಗಬೇಕಾಯಿತು. ಓದುವುದು, ಬರೆಯುವುದು ಅದರ ನಂತರವೂ ಬಹುಕಾಲ ಆಗಲಿಲ್ಲ. ಲೀಗ್ ಅಲ್ಲಿಗೆ ನಿಂತಿತೆಂದೇ ನಾನು ತಿಳಿದಿದ್ದೆ. ಮೂರನೆಯ ದಿನ ಸಂಜೆ ನಮ್ಮ ಪಕ್ಕದ ಮನೆಯ ಹಿರಿಯರು ಬಂದರು. ಅಂಚೆ ಇಲಾಖೆಯಿಂದ ನಿವೃತ್ತರಾದ ಅವರು ಈ ಊರಿನ ಹಿಲ್ ಡಿಸ್ಟ್ರಿಕ್ಟಿನಲ್ಲಿ ಹುಟ್ಟಿ ಬೆಳೆದವರು. ಗಸ್ ಗ್ರೀನ್‌ಲೀ 1932ರಲ್ಲಿ ಅಲ್ಲಿ ಕಟ್ಟಿಸಿದ ಮೈದಾನದಲ್ಲಿ ಅವರ ತಂದೆ ಹುಡುಗನಾಗಿದ್ದಾಗ ಗಿಬ್ಸನ್‌ರ ಆಟ ನೋಡಿದ್ದರಂತೆ. ಪೈರೇಟ್ಸ್ ತಂಡವನ್ನು ನೀವೇ ನಡೆಸಿ ಎಂದು ಮೊದಲು ಕೇಳಿದಾಗ, ಜಾಶ್ ಸೊನ್ನೆಗೆ ಔಟಾಗುವ ದಾಳವನ್ನು ತಮ್ಮ ಕೈಯಿಂದ ಉರುಳಿಸಲಾರೆ ಎಂದು ಒಪ್ಪದೆ, ಎಲ್ಲರಿಗಿಂತ ದುರ್ಬಲವಾದ ಫಿಲಡೆಲ್ಫಿಯಾವನ್ನು ಕೇಳಿ ಪಡೆದಿದ್ದರು.

ಅವರು ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನನ್ನ ಹೆಂಡತಿಯಿಂದ ಅವಲಕ್ಕಿಯ ಸ್ಟೀಲ್ ಡಬ್ಬವನ್ನು ಕೇಳಿ ಪಡೆದು, ಅದರೊಳಗೆ ದಾಳ ಹಾಕಿ ಕುಲುಕತೊಡಗಿದರು. ನನಗೆ ಕಾಣುತ್ತಿದ್ದದ್ದು ನೆಲದ ಹಲಗೆಯ ಗೆರೆಗಳು ಮಾತ್ರ. ಡಬ್ಬದ ಸದ್ದು, ಮೌನ, ಕಾರ್ಡು ತಿರುವುವ ಸರಪರ, ಆಮೇಲೆ ಅವರ ನಿಧಾನದ ಧ್ವನಿ. ಹೋಮ್ ರನ್ ಬಿದ್ದಾಗ ಮಾತ್ರ ಅವರು ಮಾತನಾಡುವ ಮೊದಲೇ ಒಂದು ತಟ್ಟೆ ತುಂಬ ಚಮಚಗಳನ್ನು ನೆಲಕ್ಕೆ ಸುರಿಯುತ್ತಿದ್ದರು. ಆ ಕಾಲದಲ್ಲಿ ಪೈರೇಟ್ಸ್ ತಂಡದ ಹೊರ ಊರಿನ ಆಟಗಳನ್ನು ತಂತಿಯಲ್ಲಿ ಬರುವ ಚುಟುಕು ವರದಿಯಿಂದಲೇ ರೇಡಿಯೋದಲ್ಲಿ ಕಟ್ಟಿ ಹೇಳುತ್ತಿದ್ದ ರೋಸಿ ರೌಸ್ವೆಲ್, ಹೋಮ್ ರನ್ ಬಂದಾಗ ಕಲ್ಪಿತ ಚಿಕ್ಕಮ್ಮನೊಬ್ಬಳ ಕಿಟಕಿ ಒಡೆದಂತೆ ಸದ್ದು ಮಾಡಿಸುತ್ತಿದ್ದರೆಂಬುದನ್ನು ಅವರು ತಂದೆಯಿಂದ ಕೇಳಿದ್ದರು. ಮೊದಲ ಸಲ ಚಮಚಗಳು ಬಿದ್ದಾಗ ನನ್ನ ಹೆಂಡತಿ ನಾನೇ ಹಾಸಿಗೆಯಿಂದ ಬಿದ್ದೆನೆಂದು ಓಡಿಬಂದಳು. ಹೀಗೆ ಐದು ವಾರಗಳಲ್ಲಿ ನಲವತ್ತಮೂರು ಆಟಗಳು ನಡೆದವು, ಒಂದೊಂದರ ಅಂಕಪಟ್ಟಿಯೂ ಅವರ ಗುಂಡುಗುಂಡಾದ ಅಕ್ಷರದಲ್ಲಿ ನನ್ನ ಪುಸ್ತಕದಲ್ಲಿದೆ.

ನಾವೆಲ್ಲ ಕಾದಿದ್ದ ದಿನ ಸೆಪ್ಟೆಂಬರ್ 28. ನಿಜವಾದ ಇತಿಹಾಸದಲ್ಲಿ ಅಂದು ಶಿಕಾಗೊದ ರಿಗ್ಲಿ ಫೀಲ್ಡಿನಲ್ಲಿ, ದೀಪಗಳಿಲ್ಲದ ಮೈದಾನದ ಮೇಲೆ ಕತ್ತಲು ಕವಿಯುತ್ತಿದ್ದಾಗ, 5–5ರ ಸಮಬಲದಲ್ಲಿ, ಒಂಬತ್ತನೆಯ ಇನ್ನಿಂಗ್ಸಿನ ಕೊನೆಯ ಔಟ್ ಮಾತ್ರ ಉಳಿದಿದ್ದಾಗ, ಶಿಕಾಗೊದ ಗ್ಯಾಬಿ ಹಾರ್ಟ್‌ನೆಟ್ ಅವರು ಪೈರೇಟ್ಸ್ ಪಿಚರ್ ಮೇಸ್ ಬ್ರೌನ್ ಎಸೆದ ಚೆಂಡನ್ನು ಗೋಡೆಯಾಚೆ ಹೊಡೆದು ಪೈರೇಟ್ಸ್ ತಂಡದ ಅಗ್ರಸ್ಥಾನವನ್ನು ಕಸಿದುಕೊಂಡಿದ್ದರು. ನಮ್ಮ ಎಂಟೂ ಜನ ಅಂದು ವಿಡಿಯೋ ಕರೆಯಲ್ಲಿ ಸೇರಿದ್ದೆವು. ಆಟ ನೀರಸವಾಗಿತ್ತು. ಪೇಜ್ ಏಳು ಇನ್ನಿಂಗ್ಸ್ ಎಸೆದರು, ಲೆನರ್ಡ್ ಎರಡು ಡಬಲ್ ಹೊಡೆದರು, ಪೈರೇಟ್ಸ್ 4–1ರಿಂದ ಗೆದ್ದಿತು, ಹಾರ್ಟ್‌ನೆಟ್ ಆರನೆಯ ಇನ್ನಿಂಗ್ಸಿನಲ್ಲಿ ಒಂದು ಸುಲಭದ ಕ್ಯಾಚ್ ಕೊಟ್ಟು ಹೋದರು. ಶಿಕಾಗೊ ನಡೆಸಿದ ಗೆಳೆಯರು ಒಂಬತ್ತನೆಯ ಇನ್ನಿಂಗ್ಸಿನ ವೇಳೆಗೆ ಆಕಳಿಸುತ್ತಿದ್ದುದನ್ನು ಎಲ್ಲರೂ ನೋಡಿದೆವು; ಎರಡು ವರ್ಷ ಒಂದೂ ಆಟ ತಪ್ಪಿಸದ ಅವರಿಗೂ ಧನ್ಯವಾದ. ಪೈರೇಟ್ಸ್ 95 ಆಟ ಗೆದ್ದು ಪ್ರಥಮವಾಯಿತು, ನಂತರದ ವಿಶ್ವ ಸರಣಿಯಲ್ಲಿ ಯಾಂಕೀಸ್ ಎದುರು ಎರಡಕ್ಕೆ ನಾಲ್ಕರಿಂದ ಸೋತಿತು. ಅಕ್ಕನ ಮಗ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ.

ಋತುವಿನ ಪೂರ್ತಿ ಲೆಕ್ಕದ ಪ್ರತಿಯೊಂದನ್ನು ಸೋಮವಾರ ಪಕ್ಕದ ಮನೆಗೆ ಕೊಟ್ಟುಬಂದೆ. ನಿನ್ನೆ ಸಂಜೆ ಅವರು ಅದನ್ನು ಹಿಡಿದುಕೊಂಡು ಬಂದು, 412ನೆಯ ಆಟದ ಪುಟವನ್ನು ತೆರೆದು, ಗಿಬ್ಸನ್‌ರ ಹೆಸರಿನಲ್ಲಿ ಹಿಟ್ ಎಂದು ಬರೆದಿರುವುದು ನಿಜವಾಗಿ ಮೂರನೆಯ ಬೇಸ್ ಕಾಯುವವನ ಕೈತಪ್ಪು, ಅದು ಹಿಟ್ ಎಂದು ಲೆಕ್ಕಕ್ಕೆ ಬಾರದು, ಅಂದು ದಾಳ ಉರುಳಿಸಿದವನು ತಾನೇ, ತನಗೆ ಚೆನ್ನಾಗಿ ನೆನಪಿದೆ ಎಂದರು. ಹಾಳೆಯ ಅಂಚಿನಲ್ಲಿದ್ದ ದಾಳದ ಅಂಕಿಗಳನ್ನು ಕಾರ್ಡಿಗೆ ತಾಳೆ ನೋಡಿದೆ; ಅವರ ಮಾತೇ ಸರಿ. 522 ಸಲ ಬ್ಯಾಟ್ ಹಿಡಿದ ಗಿಬ್ಸನ್‌ರ ಹಿಟ್‌ಗಳು 178 ಅಲ್ಲ, 177. ಸರಾಸರಿ .341ರಿಂದ .339ಕ್ಕೆ ಇಳಿಯಿತು. ಅವರ ಎದುರಿಗೇ ಹಳೆಯ ಅಂಕಿಯನ್ನು ಹೊಡೆದುಹಾಕಿ ಹೊಸದನ್ನು ಬರೆದೆ. ಪಕ್ಕದಲ್ಲಿ ಅವರು ಸಹಿ ಹಾಕಿದ್ದಾರೆ.