ಮುಚ್ಚಿದ ಕಡಲತೀರವನ್ನು ನೋಡಲು ಹೋಗಿ

ಮಾನ್ಯ ಸಂಪಾದಕರಿಗೆ,

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕಾರಣದಿಂದ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅಲ್ಲಿಗೆ ಹೋಗಿ ಮೂರ್ನಾಲ್ಕು ತಿಂಗಳು ಇದ್ದು ಬರುವ ಹಿರಿಯರು ನಿಮ್ಮ ಓದುಗರಲ್ಲಿ ಸಾಕಷ್ಟು ಮಂದಿ ಇದ್ದಾರೆ. ಬಾಸ್ಟನ್ ಸುತ್ತಮುತ್ತ ಮನೆ ಮಾಡಿರುವ ಮಕ್ಕಳು ರಜೆಯ ದಿನ ಅಪ್ಪ ಅಮ್ಮನನ್ನು ಕರೆದೊಯ್ಯುವ ಜಾಗಗಳಲ್ಲಿ ಪ್ಲಮ್ ಐಲೆಂಡ್ ಒಂದು. ಮ್ಯಾಸಚೂಸೆಟ್ಸ್ ರಾಜ್ಯದ ಈಶಾನ್ಯ ಮೂಲೆಯಲ್ಲಿ, ನ್ಯೂಬರಿಪೋರ್ಟ್ ಪಟ್ಟಣದ ಪಕ್ಕ, ಸಮುದ್ರಕ್ಕೂ ಜವುಗುನೆಲಕ್ಕೂ ನಡುವೆ ನೀಳವಾಗಿ ಮಲಗಿರುವ ಮರಳಿನ ದ್ವೀಪವಿದು. ಇದರ ಬಹುಪಾಲು ನೆಲ ಪಾರ್ಕರ್ ರಿವರ್ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಕ್ಕೆ ಸೇರಿದೆ. ಅಲ್ಲಿಗೆ ಮೇ, ಜೂನ್ ತಿಂಗಳಲ್ಲಿ ಹೋಗಿ ಬಂದ ನಮ್ಮವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಮಾತು ಒಂದೇ: "ಹೋಗಿದ್ದೂ ದಂಡ, ಬೀಚ್ ಮುಚ್ಚಿಬಿಟ್ಟಿದ್ದರು." ಮೊದಲ ಸಲ ಹೋದಾಗ ನಾನೂ ಹೀಗೆಯೇ ಅಂದಿದ್ದೆ. ಆ ಮಾತು ತಪ್ಪು ಎಂದು ಈಗ ನನಗೆ ಖಚಿತವಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಆಶ್ರಯತಾಣದ ಕಡಲತೀರವನ್ನು ಪ್ರತಿವರ್ಷ ಏಪ್ರಿಲ್ 1ರಂದು ಸಾರ್ವಜನಿಕರಿಗೆ ಮುಚ್ಚಲಾಗುತ್ತದೆ. ಗೂಡು ಕಟ್ಟಿದ ಹಕ್ಕಿಗಳ ಮರಿಗಳು ಹಾರುವಷ್ಟು ಬಲಿತ ಮೇಲೆ, ಜುಲೈ ಆಗಸ್ಟ್ ಹೊತ್ತಿಗೆ, ಒಂದೊಂದೇ ಭಾಗವನ್ನು ಮತ್ತೆ ತೆರೆಯುತ್ತಾರೆ. ಹೀಗೆ ಜಾಗ ಬಿಡಿಸಿಕೊಂಡಿರುವುದು ಪೈಪಿಂಗ್ ಪ್ಲವರ್ ಎಂಬ, ಐವತ್ತು ಅರವತ್ತು ಗ್ರಾಮ್ ತೂಗುವ, ಒಣ ಮರಳಿನದೇ ಬಣ್ಣದ ಪುಟ್ಟ ಹಕ್ಕಿ. ನಮ್ಮ ಹೊಲಗದ್ದೆಗಳ ಟಿಟ್ಟಿಭ ಯಾವ ಕುಟುಂಬಕ್ಕೆ ಸೇರಿದೆಯೋ ಇದೂ ಅದೇ ಕುಟುಂಬದ್ದು. ಟಿಟ್ಟಿಭ ಬಯಲಿನಲ್ಲಿ ಮೊಟ್ಟೆಯಿಡುವಂತೆ ಇದು ಅಲೆಗಳ ಗೆರೆಗಿಂತ ಸ್ವಲ್ಪ ಮೇಲೆ, ದಿಬ್ಬಗಳ ಬುಡದಲ್ಲಿ, ಮರಳನ್ನು ಅಂಗೈಯಗಲ ಕೆದರಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಯಾರಾದರೂ ಹತ್ತಿರ ಸುಳಿದರೆ ಕೂತಿದ್ದ ಹಕ್ಕಿ ಎದ್ದು, ರೆಕ್ಕೆ ಮುರಿದಂತೆ ನಟಿಸುತ್ತಾ, ನೆಲದ ಮೇಲೆ ಒದ್ದಾಡಿಕೊಂಡು ಬಂದವರನ್ನು ದೂರ ಸೆಳೆಯಲು ನೋಡುತ್ತದೆ. ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಇಲ್ಲವೇ ಕಾಗೆಯ, ಕಡಲಕ್ಕಿಯ ಕಣ್ಣಿಗೆ ಬೀಳುತ್ತವೆ. ಗಾಳಿಪಟ ಕಂಡರೂ ಇದು ಗಿಡುಗವೆಂದೇ ಬೆದರುತ್ತದೆ. ನಾಯಿಯ ವಿಷಯವಂತೂ ಹೇಳಬೇಕಾಗಿಯೇ ಇಲ್ಲ. ಸಾಕುನಾಯಿಗಳಿಗೆ ಆಶ್ರಯತಾಣದೊಳಗೆ ಪ್ರವೇಶವಿಲ್ಲ.

"ಒಂದು ಹಕ್ಕಿಗೋಸ್ಕರ ಮೈಲಿಗಟ್ಟಲೆ ಬೀಚ್ ಮುಚ್ಚಬೇಕೆ?" ಎಂಬ ಪ್ರಶ್ನೆ ಸಹಜ. ಮುಚ್ಚದಿದ್ದ ಕಾಲದಲ್ಲಿ ಏನಾಯಿತೆಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಅಟ್ಲಾಂಟಿಕ್ ಕರಾವಳಿಯ ಈ ಹಕ್ಕಿಯನ್ನು ಅಮೆರಿಕದ ಸರ್ಕಾರ 1986ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿತು. ಆಗ ಇಡೀ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ಉಳಿದಿದ್ದವು 150ಕ್ಕೂ ಕಡಿಮೆ ಜೋಡಿಗಳು. ಈಗ ಅದೇ ರಾಜ್ಯದಲ್ಲಿ ಗೂಡು ಕಟ್ಟುವ ಜೋಡಿಗಳ ಸಂಖ್ಯೆ ಸಾವಿರ ದಾಟಿದೆ. ಇದು ಪವಾಡದಿಂದ ಆದದ್ದಲ್ಲ. ಪ್ಲಮ್ ಐಲೆಂಡಿನಂತಹ ತೀರಗಳಲ್ಲಿ ವರ್ಷ ವರ್ಷವೂ ಹಗ್ಗ ಕಟ್ಟಿ, ಫಲಕ ನೆಟ್ಟು, ಗೂಡುಗಳ ಸುತ್ತ ತಂತಿಬಲೆ ಹಾಕಿ, ಜನರಿಗೆ ತಾಳ್ಮೆಯಿಂದ ತಿಳಿಹೇಳಿ ಸಾಧಿಸಿದ ಫಲ. ಅಲ್ಲಿ ಗೂಡುಕಟ್ಟುವ ಕಾಲದಲ್ಲಿ ಕಾವಲಿಗೆ ನಿಲ್ಲುವವರು ಸಂಬಳವಿಲ್ಲದ ಸ್ವಯಂಸೇವಕರು. ಬಿಸಿಲು, ಗಾಳಿ, ಮಂಜು ಎನ್ನದೆ ಮುಚ್ಚಿದ ತೀರದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅವರ ಬಗ್ಗೆ ನನಗೆ ಅಪಾರ ಗೌರವವಿದೆ.

ನನ್ನ ಮನಸ್ಸು ಬದಲಾದದ್ದು ಅಂತಹ ಒಬ್ಬ ಹಿರಿಯ ಮಹಿಳೆಯಿಂದ. ಜೂನ್ ತಿಂಗಳ ಒಂದು ಬೆಳಿಗ್ಗೆ, ಮರದ ಕಾಲುದಾರಿ ಮುಗಿಯುವ ಕಡೆ ಹಗ್ಗ ಅಡ್ಡ ಬಂದಾಗ, ಮೊಮ್ಮಗನ ಫೋಟೊ ತೆಗೆಯಬೇಕೆಂದು ನಾನು ದಾರಿ ಬಿಟ್ಟು ಪಕ್ಕದ ದಿಬ್ಬದ ಹುಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟಿದ್ದೆ. ಆಕೆ ಗದರಲಿಲ್ಲ. ಕೆಳಗಿಳಿಯುವಂತೆ ಕೈಸನ್ನೆ ಮಾಡಿ, ಹತ್ತಿರ ಕರೆದು, ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ದುರ್ಬೀನನ್ನು ನನ್ನ ಎತ್ತರಕ್ಕೆ ತಗ್ಗಿಸಿಕೊಟ್ಟರು. ಮೊದಲು ಬರೀ ಮರಳು, ಒಣಗಿದ ಕಡಲಪಾಚಿಯ ಕಪ್ಪು ಸಾಲು. ಆಮೇಲೆ ಆ ಸಾಲಿನ ಪಕ್ಕದಲ್ಲಿ ಏನೋ ಓಡಿತು, ಥಟ್ಟನೆ ನಿಂತಿತು, ನಿಂತ ಕೂಡಲೇ ಕಾಣದಾಯಿತು. ಮತ್ತೆ ಓಡಿದಾಗಷ್ಟೇ ತಿಳಿಯಿತು ಅದು ಮರಿಯೆಂದು: ಬೂರುಗದ ಹತ್ತಿಯ ಎಸಳೊಂದು ಗಾಳಿಗೆ ನೆಲದ ಮೇಲೆ ಜಾರಿ ಹೋದಂತೆ, ತೂಕವೇ ಇಲ್ಲದ ಓಟ. ಅದರ ಹಿಂದೆ ಇನ್ನೆರಡು. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಈ ಮರಿಗಳು ಗೂಡು ಬಿಟ್ಟು ತಮ್ಮ ಆಹಾರ ತಾವೇ ಹುಡುಕಿಕೊಳ್ಳುತ್ತವೆಯಂತೆ. ಹಾರಲು ಮಾತ್ರ ಇನ್ನೂ ನಾಲ್ಕೈದು ವಾರ ಬೇಕು. ಅಲ್ಲಿಯವರೆಗೆ ಅಪಾಯ ಬಂದರೆ ಅವು ಮಾಡುವುದು ಒಂದೇ, ಇದ್ದಲ್ಲೇ ಮರಳಿಗೆ ಅವುಚಿಕೊಂಡು ಕೂರುವುದು. ಎಷ್ಟೋ ಸಲ ಅವು ಕೂರುವುದು ಮನುಷ್ಯರ ಹೆಜ್ಜೆಗುರುತಿನ ತಗ್ಗಿನಲ್ಲಿ. ಇದನ್ನು ಕೇಳಿದ ಮೇಲೆ ಮೊಮ್ಮಗ ತನ್ನ ಕಾಲ ಕೆಳಗೆ ನೋಡಿಕೊಂಡು, "ಅಜ್ಜೀ, ನಾವು ವಾಪಸ್ ಹಲಗೆ ಮೇಲೇ ಹೋಗೋಣ" ಎಂದ.

ಆ ಕಪ್ಪು ಪಾಚಿಯ ಸಾಲನ್ನು ಕಂಡು ಬೀಚ್ ಗಲೀಜಾಗಿದೆ ಎಂದು ಮೂಗು ಮುರಿಯುವವರನ್ನೂ ನಾನು ನೋಡಿದ್ದೇನೆ. ಅಲೆ ತಂದು ಬಿಟ್ಟ ಆ ಪಾಚಿ ಕೊಳೆಯುವಾಗ ಅದರಲ್ಲಿ ಹುಟ್ಟುವ ನೊಣ, ಪುಟ್ಟ ಸಿಗಡಿಜಾತಿಯ ಹುಳುಗಳೇ ಮರಿಗಳ ಊಟ. ಗುಡಿಸಿ ಚೊಕ್ಕ ಮಾಡಿದ ಬೀಚಿನಲ್ಲಿ ಅವುಗಳಿಗೆ ಆಹಾರ ಸಿಗುವುದು ಕಷ್ಟ.

ಇನ್ನು ನಾನು ಕಾಲಿಟ್ಟ ಆ ಹುಲ್ಲಿನ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹಕ್ಕಿಯನ್ನು ಕಂಡು ಕರಗುವ ಮನಸ್ಸು ಹುಲ್ಲಿಗೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ತೀರದ ಒಣ ಮರಳನ್ನು ಗಾಳಿ ಒಳನಾಡಿನ ಕಡೆಗೆ ತೂರುತ್ತದೆ. ಬೀಚ್‌ಗ್ರಾಸ್ ಎಂದು ಕರೆಯುವ ಈ ಹುಲ್ಲಿನ ಎಲೆಗಳಿಗೆ ತಾಗಿ ಗಾಳಿಯ ವೇಗ ತಗ್ಗಿದಾಗ ಮರಳು ಅಲ್ಲೇ ಉದುರುತ್ತದೆ. ಬೇರೆ ಗಿಡವಾಗಿದ್ದರೆ ಹೂತು ಸತ್ತೇ ಹೋಗುತ್ತಿತ್ತು. ಈ ಹುಲ್ಲು ಮರಳು ಮುಚ್ಚಿದಷ್ಟೂ ಹುರುಪಿನಿಂದ ಮೇಲಕ್ಕೆ ಚಿಗುರುತ್ತದೆ, ಮರಳಿನೊಳಗೆ ಅಡ್ಡಡ್ಡಲಾಗಿ ಕಾಂಡ ಹರಿಸಿ ದೂರ ದೂರದಲ್ಲಿ ಹೊಸ ಕುಡಿಗಳನ್ನು ಎಬ್ಬಿಸುತ್ತದೆ. ಹೀಗೆ ಹುಲ್ಲೂ ಮರಳೂ ಒಂದನ್ನೊಂದು ಹಿಡಿದುಕೊಂಡು ಬೆಳೆದದ್ದೇ ದಿಬ್ಬ. ಗಾಳಿಗೆ, ಉಪ್ಪಿಗೆ, ಬಿಸಿಲಿಗೆ ಜಗ್ಗದ ಈ ಹುಲ್ಲು ಕಾಲ್ತುಳಿತಕ್ಕೆ ಮಾತ್ರ ಸೋಲುತ್ತದೆ. ಕೆಲವು ಜನ ಒಂದೇ ಕಡೆ ಹತ್ತಿಳಿದರೆ ಕುಡಿಗಳು ಮುರಿದು ಮರಳು ಬತ್ತಲಾಗುತ್ತದೆ, ಆ ಬತ್ತಲು ಜಾಗದಲ್ಲಿ ಗಾಳಿ ಹೊಕ್ಕು ಕೊರೆಯುತ್ತದೆ, ಚಳಿಗಾಲದ ಬಿರುಗಾಳಿಯಲ್ಲಿ ಅದೇ ಕೊರಕಲಿನಿಂದ ಸಮುದ್ರ ಒಳನುಗ್ಗುತ್ತದೆ. ಹಿಂದೆ ಇರುವುದು ನ್ಯೂ ಇಂಗ್ಲೆಂಡ್ ಪ್ರದೇಶದ ಅತಿ ದೊಡ್ಡ ಅಖಂಡ ಉಪ್ಪುಜವುಗು. ಅದರ ಹುಲ್ಲಿನ ಬುಡದಲ್ಲಿ, ದೊಡ್ಡ ಉಬ್ಬರದ ನೀರಿಗೆ ಕೈಯಳತೆಯ ದೂರದಲ್ಲಿ, ಸಾಲ್ಟ್‌ಮಾರ್ಶ್ ಸ್ಪ್ಯಾರೊ ಎಂಬ ಗುಬ್ಬಿ ಗೂಡು ಕಟ್ಟಿಕೊಂಡು ಅಂತಹ ಎರಡು ದೊಡ್ಡ ಉಬ್ಬರಗಳ ನಡುವಿನ ಅವಧಿಯಲ್ಲಿ ಮರಿ ಮಾಡುವ ಹೋರಾಟ ನಡೆಸಿರುತ್ತದೆ. ದಿಬ್ಬ ಕುಸಿದರೆ ಇದೆಲ್ಲಕ್ಕೂ ಕುತ್ತು. ನನ್ನ ಎರಡು ಹೆಜ್ಜೆಯಿಂದ ಇಷ್ಟೆಲ್ಲ ಆಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ನನ್ನಂತೆ ಯೋಚಿಸುವ ಎರಡು ಸಾವಿರ ಜನ ಒಂದು ಬೇಸಿಗೆಯಲ್ಲಿ ಅಲ್ಲಿಗೆ ಬರಬಹುದು.

ಇಲ್ಲಿ ಒಂದು ಕಾನೂನಿನ ಸಂಗತಿ ತಿಳಿದಿರುವುದು ಒಳ್ಳೆಯದು. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನ ಬೇರೆ, ವನ್ಯಜೀವಿ ಆಶ್ರಯತಾಣ ಬೇರೆ. 1903ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಫ್ಲಾರಿಡಾದ ಪೆಲಿಕನ್ ಐಲೆಂಡನ್ನು ಹಕ್ಕಿಗಳಿಗೆಂದು ಮೀಸಲಿಟ್ಟಲ್ಲಿಂದ ಶುರುವಾದ ಈ ಆಶ್ರಯತಾಣಗಳ ವ್ಯವಸ್ಥೆಯಲ್ಲಿ ವನ್ಯಜೀವಿಗಳಿಗೇ ಮೊದಲ ಹಕ್ಕು ಎಂದು 1997ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಜನರ ಬಳಕೆಗಳಲ್ಲಿ ಅದು ಆದ್ಯತೆ ಕೊಟ್ಟಿರುವುದು ಆರಕ್ಕೆ ಮಾತ್ರ: ಬೇಟೆ, ಮೀನು ಹಿಡಿಯುವುದು, ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಪರಿಸರ ಶಿಕ್ಷಣ ಮತ್ತು ಪ್ರಕೃತಿಯನ್ನು ಅರ್ಥಮಾಡಿಸುವ ಕಾರ್ಯಕ್ರಮಗಳು. ಬೇಟೆಯ ಹೆಸರು ಆ ಪಟ್ಟಿಯಲ್ಲಿರುವುದು ನನಗೆ ಇಂದಿಗೂ ಒಗ್ಗಿಲ್ಲ. ಆದರೆ ಸಮುದ್ರಸ್ನಾನವಾಗಲಿ ಬೀಚಿನ ಆಟವಾಗಲಿ ಅದರಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. 1940ರ ದಶಕದ ಆರಂಭದಲ್ಲಿ ಪಾರ್ಕರ್ ರಿವರ್ ಸ್ಥಾಪನೆಯಾದದ್ದೇ ವಲಸೆ ಹಕ್ಕಿಗಳಿಗಾಗಿ. ಆಗ ಸರ್ಕಾರದ ವನ್ಯಜೀವಿ ಸೇವೆಯಲ್ಲಿದ್ದ ರೇಚಲ್ ಕಾರ್ಸನ್ 1947ರಲ್ಲಿ ಈ ತಾಣದ ಬಗ್ಗೆಯೇ ಒಂದು ಕಿರುಹೊತ್ತಗೆ ಬರೆದಿದ್ದರು.

ಹಾಗಾದರೆ ಜೂನ್‌ನಲ್ಲಿ ಹೋದವರು ನೋಡುವುದೇನನ್ನು? ನನ್ನ ಅನುಭವದಲ್ಲಿ, ಒಂದು ದಿನಕ್ಕೆ ಸಾಲದಷ್ಟಿದೆ. ಹೆಲ್‌ಕ್ಯಾಟ್ ಎಂಬ ಹಲಗೆದಾರಿ ದಿಬ್ಬಗಳ ನಡುವಿನಿಂದಲೂ ಜವುಗಿನ ಅಂಚಿನಿಂದಲೂ ಹಾದುಹೋಗುತ್ತದೆ; ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ಇಲ್ಲಿಯವರೆಗೆ ಗುರುತಿಸಲಾದ ಹಕ್ಕಿಗಳ ಜಾತಿಗಳೇ 300ಕ್ಕೂ ಹೆಚ್ಚು. ದ್ವೀಪಕ್ಕೆ ಹೆಸರು ಕೊಟ್ಟ ಬೀಚ್ ಪ್ಲಮ್ ಪೊದೆಗಳಿವೆ. ಮರಳಿನ ಮೇಲೆ ಅಲ್ಲಲ್ಲಿ ಯಾರೋ ಕುಂಕುಮಕ್ಕೆ ನೀಲಿ ಬೆರೆಸಿ ಚೆಲ್ಲಿದಂತಹ ನೇರಳೆ ಗೆರೆಗಳು ಕಾಣುತ್ತವೆ. ಅವು ಗಾರ್ನೆಟ್ ಎಂಬ ಖನಿಜದ ಕಣಗಳು. ಮರಳಿನ ಮೇಲೆ ಕಾಲಿಡಲೇಬೇಕೆಂಬ ಮಕ್ಕಳಿದ್ದರೆ ದ್ವೀಪದ ದಕ್ಷಿಣ ತುದಿಯಲ್ಲಿ ರಾಜ್ಯ ಸರ್ಕಾರದ ಸ್ಯಾಂಡಿ ಪಾಯಿಂಟ್ ಇದೆ. ಅಲ್ಲಿಯೂ ಹಗ್ಗ ಕಟ್ಟಿದ ಜಾಗಗಳಿಂದ ದೂರವಿರಬೇಕು. ವಾಹನ ನಿಲ್ಲಿಸುವ ಜಾಗ ತುಂಬಿದರೆ ದ್ವಾರವನ್ನೇ ಮುಚ್ಚುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಲೇಸು. ಜುಲೈ ನಡುವಿನಿಂದ ಹಸಿರು ಕಣ್ಣಿನ ಗ್ರೀನ್‌ಹೆಡ್ ನೊಣಗಳ ಕಡಿತ ಬಲು ಜೋರು, ಮೈತುಂಬ ಬಟ್ಟೆಯಿರಲಿ. ಜವುಗಿನಲ್ಲಿ ಕಾಲುಗಳ ಮೇಲೆ ನಿಂತ ಕಪ್ಪು ಪೆಟ್ಟಿಗೆಗಳು ಕಂಡರೆ ಅವು ಆ ನೊಣ ಹಿಡಿಯುವ ಬೋನುಗಳು.

ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ಇಂತಹ ತಾಣಗಳ ಕುರಿತು ಬರೆಯುವಾಗ, ತೀರ ಮುಚ್ಚುವ ತಿಂಗಳುಗಳನ್ನೂ ಮುಚ್ಚುವ ಕಾರಣವನ್ನೂ ಲೇಖನದ ಕೊನೆಯ ಸಾಲಿಗೆ ತಳ್ಳದೆ ಮೊದಲಿಗೇ ಹಾಕಬೇಕೆಂದು ನನ್ನ ಕಳಕಳಿಯ ವಿನಂತಿ. ದಿಬ್ಬ ಹತ್ತಿ ತೆಗೆಸಿಕೊಂಡ ಚಿತ್ರಗಳನ್ನು ದಯವಿಟ್ಟು ಪ್ರಕಟಿಸಬೇಡಿ. ಅದನ್ನು ನೋಡಿದವರು ತಾವೂ ಅಲ್ಲೇ ಹತ್ತುತ್ತಾರೆ. ಮುಂದಿನ ಸಲವೂ ನಾನು ಜೂನ್ ತಿಂಗಳಲ್ಲೇ ಅಲ್ಲಿರುತ್ತೇನೆ. ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ: ಬೀಚ್ ತೆರೆಯುವ ಮುಂಚೆಯೇ ಕರೆದುಕೊಂಡು ಹೋಗು, ಒಂದು ಒಳ್ಳೆಯ ದುರ್ಬೀನು ಮಾತ್ರ ಮರೆಯಬೇಡ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ