ಬಾಗಿಲಾಚೆ ಇಟ್ಟುಹೋದವರಿಗೆ

ನನಗೆ ಅಸ್ಥಿಮಜ್ಜೆ ಕಸಿಯಾಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಇನ್ನು ಜನರ ನಡುವೆ ಓಡಾಡಬಹುದು ಅಂತ ಡಾಕ್ಟರು ಹೇಳಿದ ವಾರವೇ, ಶೆಫೀಲ್ಡಿನ ನಮ್ಮ ಮನೆಯಿಂದ ಡರ್ಬಿಶೈರಿನ ಈಮ್ ಹಳ್ಳಿಗೆ ಹೋಗಿಬಂದೆವು.

ಅದು ಪಕ್ಕದ ಮನೆಯ ಅಜ್ಜಿಯ ತವರು. ನನಗೆ ಸೋಂಕು ತಗುಲೀತೆಂದು ಯಾರೂ ಒಳಗೆ ಬರಬಾರದಿದ್ದ ದಿನಗಳಲ್ಲಿ ಅವರು ಕಿಟಕಿಯಾಚೆ ನಿಂತು ತಮ್ಮೂರಿನ ಕಥೆ ಹೇಳುತ್ತಿದ್ದರು. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನ ಜೊತೆ ಪ್ಲೇಗಿನ ಚಿಗಟಗಳೂ ಬಂದವಂತೆ. ಮೊದಲು ತೀರಿಹೋದವನು ಆ ಮನೆಯ ಕೆಲಸದಾಳು ಜಾರ್ಜ್ ವಿಕರ್ಸ್. ಮರುವರ್ಷ ಜೂನಿನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಆ ಹುದ್ದೆ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ, ಇಬ್ಬರೂ ಒಂದಾಗಿ ಊರವರನ್ನು ಒಪ್ಪಿಸಿದರು: ಯಾರೂ ಗಡಿ ದಾಟುವುದು ಬೇಡ, ರೋಗ ಅಕ್ಕಪಕ್ಕದ ಊರಿಗೆ ಹೋಗುವುದು ಬೇಡ. ನಮ್ಮ ಕಡೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದರು. ಇವರು ಊರಲ್ಲೇ ಉಳಿದರು. ಹದಿನಾಲ್ಕು ತಿಂಗಳಲ್ಲಿ ಸತ್ತವರು ಸುಮಾರು 260 ಮಂದಿ ಎನ್ನುತ್ತಾರೆ.

ಚರ್ಚಿನಂಗಳದಲ್ಲಿ ಆ ಕಾಲಕ್ಕೇ ಹಳೆಯದಾಗಿದ್ದ ಸ್ಯಾಕ್ಸನ್ ಶಿಲುಬೆಯಿದೆ. ಮಾಂಪೆಸನ್ನರ ಹೆಂಡತಿ ಕ್ಯಾಥರೀನಳ ಸಮಾಧಿಯೂ ಅಲ್ಲೇ ಇದೆ. ಮಕ್ಕಳನ್ನು ಹೊರಗೆ ಕಳಿಸಿ ತಾನು ಗಂಡನ ಜೊತೆ ನಿಂತವಳು. ಊರಾಚೆ ರೈಲಿ ಸಮಾಧಿಗಳ ಬಳಿ ನನಗೆ ಮಾತೇ ಹೊರಡಲಿಲ್ಲ. ಎಂಟೇ ದಿನದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದ ಜಾಗ ಅದು.

ಆದರೆ ನಾನು ನೋಡಲೇಬೇಕು ಅಂತ ಹೋದದ್ದು ಗಡಿಕಲ್ಲನ್ನು. ಪಕ್ಕದೂರು ಸ್ಟೋನಿ ಮಿಡಲ್‌ಟನ್ ಕಡೆಗೆ ಇಳಿಯುವ ಹುಲ್ಲುಗಾವಲಿನಲ್ಲಿದೆ. ಮೈಮೇಲೆ ಆರು ಗುಳಿ. ಸೋಂಕು ಕಳೆಯಲೆಂದು ಊರವರು ಅವುಗಳಲ್ಲಿ ವಿನೆಗರ್ ತುಂಬಿ, ಅದರೊಳಗೆ ನಾಣ್ಯ ಹಾಕಿಡುತ್ತಿದ್ದರು. ಹೊರಗಿನವರು ಊಟದ ಸಾಮಾನು ಇಟ್ಟು ನಾಣ್ಯ ಒಯ್ಯುತ್ತಿದ್ದರು. ಗುಳಿಗಳ ಅಂಚು ಸವೆದು ನುಣ್ಣಗಾಗಿದೆ. ಒಂದರಲ್ಲಿ ಬೆರಳಿಟ್ಟೆ. ಮಳೆನೀರು ತಣ್ಣಗೆ ತಾಗಿತು. ನೀವೆಲ್ಲ ಒಬ್ಬೊಬ್ಬರಾಗಿ ಕಣ್ಮುಂದೆ ಬಂದಿರಿ.

ಹೊಸಿಲಾಚೆ ಬಿಸಿ ಸಾರಿನ ಕ್ಯಾರಿಯರ್ ಇಟ್ಟು, ಬೆಲ್ ಒತ್ತಿ, ಗೇಟಿನ ಬಳಿ ನಿಂತು ಕೈಬೀಸಿ ಹೋದ ಕನ್ನಡ ಗೆಳತಿಯರೇ, ರಾತ್ರಿ ಪಾಳಿಯಲ್ಲೂ ಗ್ಲೌಸಿನ ಕೈಯಲ್ಲೇ ನನ್ನ ಕೈ ಹಿಡಿದು ಕೂತ ನರ್ಸಮ್ಮಂದಿರೇ, ಗುರುತು ಪರಿಚಯವಿಲ್ಲದ ನನಗೆ ಮಜ್ಜೆ ಕೊಟ್ಟ ಪುಣ್ಯಾತ್ಮರೇ, ಮಳೆಯಲ್ಲೂ ಕೊಡೆ ಹಿಡಿದು ಕಥೆ ಹೇಳಿದ ಅಜ್ಜೀ, ನಿಮ್ಮ ಋಣ ದೊಡ್ಡದು. ನಿಮಗೆಲ್ಲ ನನ್ನ ನಮಸ್ಕಾರ.

ಕ್ಯಾರಿಯರುಗಳೆಲ್ಲ ತೊಳೆದು ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿಟ್ಟಿದ್ದೇನೆ. ಬಂದು ತಗೊಂಡು ಹೋಗಿ. ಈ ಸಲ ಒಳಗೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು.